ನದಾಫ್ ಎಂಬ ಅಡ್ಡಹೆಸರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮಸೀದಿಗಳ ಚಂದಾ ಪಟ್ಟಿ ನೋಡಿದರೆ ನದಾಫ್, ಪಿಂಜಾರ, ಅತ್ತಾರ್, ನಾಲಬಂದ್, ಕಸಾಬ್ ಎಂಬ ಹೆಸರುಗಳು ಸಿಗುತ್ತವೆ. ಎಲ್ಲವೂ ಕಸುಬಿನಿಂದ ಬಂದವು. ಇವುಗಳಲ್ಲಿ ನದಾಫ್ ಎಂದು ಹೇಳಿಕೊಳ್ಳಲು ಕೆಲವು ಮನೆಗಳಲ್ಲಿ ಇಂದಿಗೂ ಸಂಕೋಚ. ಮಕ್ಕಳ ಶಾಲಾ ದಾಖಲೆಯಲ್ಲಿ ಬರೇ ‘ಮುಸ್ಲಿಂ’ ಎಂದೋ ‘ಶೇಖ್’ ಎಂದೋ ಬರೆಸಿ ಸುಮ್ಮನಾಗುತ್ತಾರೆ.

ನದಾಫ್ ಅರಬಿ ಪದ. ಹತ್ತಿಯನ್ನು ಬಡಿದು ಬಿಡಿಸುವುದಕ್ಕೆ ಅರಬಿಯಲ್ಲಿ ‘ನದಫ’ ಎನ್ನುತ್ತಾರೆ; ಆ ಕೆಲಸದವನು ‘ನದ್ದಾಫ್’. ಕನ್ನಡದ ಬಾಯಲ್ಲಿ ಒತ್ತಕ್ಷರ ಬಿದ್ದುಹೋಯಿತು. ಪಿಂಜಾರ ಎಂದರೂ ಅದೇ ಅರ್ಥ. ನಾವು ‘ಹತ್ತಿ ಹಿಂಜು’ ಎನ್ನುತ್ತೇವಲ್ಲ, ಅದರ ಹಳೆಯ ರೂಪ ‘ಪಿಂಜು’. ಒಂದೇ ಕಸುಬಿಗೆ ಎರಡು ಭಾಷೆಗಳಿಂದ ಎರಡು ಹೆಸರು, ಅಷ್ಟೇ.

ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ನರದ ತಂತಿ. ಹತ್ತಿಯ ರಾಶಿಯಲ್ಲಿ ತಂತಿ ಇಟ್ಟು ಮರದ ಗುಂಡಿನಿಂದ ಹೊಡೆದರೆ, ಅದರ ನಡುಕಕ್ಕೆ ಗಂಟು ಬಿಚ್ಚಿ, ಕಸ ಕೆಳಗೆ ಉದುರಿ, ಅರಳೆ ಉಬ್ಬಿ ಮೇಲೇಳುತ್ತದೆ. ನೂಲುವವರಿಗೆ ಅರಳೆ ಕೊಟ್ಟವರು, ಊರೂರು ತಿರುಗಿ ಎಲ್ಲ ಜಾತಿಯವರ ಮನೆಗೂ ಗಾದಿ, ದಿಂಬು ತುಂಬಿಕೊಟ್ಟವರು ಇವರೇ. ಕೆಲಸ ಮುಗಿಯುವ ಹೊತ್ತಿಗೆ ಮೂಗು, ಗಂಟಲಲ್ಲೆಲ್ಲ ಧೂಳು. ಯಂತ್ರ ಬಂದ ಮೇಲೆ ಬಿಲ್ಲು ಮೂಲೆ ಸೇರಿತು, ಹೆಸರು ಉಳಿಯಿತು.

ಇಂಥ ಹೆಸರು ನಮ್ಮಲ್ಲಷ್ಟೇ ಇಲ್ಲ. ಇಂಗ್ಲಿಷರಲ್ಲಿ ಉಣ್ಣೆ ಹಿಂಜುವವನ ಮನೆತನ ‘ಕಾರ್ಡರ್’, ಕಮ್ಮಾರನದು ‘ಸ್ಮಿತ್’. ವಕ್ಫ್ ಕಾನೂನಿನ ಬಗ್ಗೆ ಗ್ರಂಥ ಬರೆದ ಹನಫಿ ವಿದ್ವಾಂಸರು ಖಸ್ಸಾಫ್, ಅಂದರೆ ಪಾದರಕ್ಷೆ ಹೊಲಿಯುವವರು. ಶಾಫಿಈ ಪಂಥದ ಕಫ್ಫಾಲ್ ಬೀಗ ಮಾಡುತ್ತಿದ್ದವರು. ಕ್ರಿ.ಶ. 922ರಲ್ಲಿ ಬಗ್ದಾದಿನಲ್ಲಿ ಮರಣದಂಡನೆಗೆ ಒಳಗಾದ ಮನ್ಸೂರ್ ಹಲ್ಲಾಜರ ‘ಹಲ್ಲಾಜ್’ ಎಂಬ ಹೆಸರೂ ಹತ್ತಿಯ ಕಸುಬಿನದೇ. (ಅವರ ಮಾತುಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದು ಬೇರೆ ವಿಷಯ.) ಸ್ವಂತ ಕೈದುಡಿಮೆಯ ಅನ್ನಕ್ಕಿಂತ ಉತ್ತಮ ಅನ್ನವಿಲ್ಲ, ಪ್ರವಾದಿ ದಾವೂದರು(ಅ) ಹಾಗೆಯೇ ಉಣ್ಣುತ್ತಿದ್ದರು ಎಂದು ಪ್ರವಾದಿವರ್ಯರು(ಸ) ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ.

ಸಂಕೋಚದಿಂದ ನಷ್ಟವೂ ಇದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ್, ಪಿಂಜಾರ ಎರಡೂ ಪ್ರವರ್ಗ 1ರಲ್ಲಿವೆ. ಬರೇ ‘ಮುಸ್ಲಿಂ’ ಎಂದು ಬರೆಸಿದ ಮಗುವಿಗೆ ಆ ಸೌಲಭ್ಯ ಸಿಗುವುದು ಕಷ್ಟ. ಶಾಲೆಗೆ ಹೆಸರು ಹಚ್ಚುವಾಗ ಅಜ್ಜನ, ತಂದೆಯ ಕಾಗದಗಳಲ್ಲಿ ಯಾವ ಹೆಸರಿದೆ ನೋಡಿಕೊಂಡು ಅದನ್ನೇ ಬರೆಸಿ. ಮುಂದೆ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ತಹಶೀಲ್ದಾರ ಕಚೇರಿಯಲ್ಲಿ ಕೇಳುವುದು ಆ ದಾಖಲೆಯನ್ನೇ.