ಗಾಲ್ಫ್ ಬ್ಯಾಗಿಗೆ 14 ಕೋಲು ಎಲ್ಲಿಂದ ಬಂತು?

ಮಣ್ಣಗುಡ್ಡದ ನನ್ನ ರೂಮಿನಿಂದ ಇವತ್ತಿನ ಎಪಿಸೋಡು. ಮಧ್ಯೆ ಬಸ್ಸಿನ ಹಾರ್ನ್ ಕೇಳಿದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ಪಿಲಿಕುಳದಲ್ಲಿ ಗಾಲ್ಫ್ ಮೈದಾನ ಉಂಟಲ್ಲ, ಅಲ್ಲಿ ಆಟ ಕಲಿಯೋಕೆ ಹೊರಟ ಗೆಳೆಯನೊಬ್ಬ ಮೊನ್ನೆ ಕೇಳಿದ: "14 ಕ್ಲಬ್ಬಿನ ಪೂರ್ತಿ ಸೆಟ್ ಇಎಂಐಯಲ್ಲಿ ತಗೊಳ್ಲಾ ಮಾರಾಯ?" ಇಲ್ಲಿ ಕ್ಲಬ್ ಅಂದ್ರೆ ಚೆಂಡು ಹೊಡೆಯುವ ಕೋಲು. ಕಾಮರ್ಸ್ ಓದಿದ ನನಗೆ ಮೊದಲು ಬಂದ ಪ್ರಶ್ನೆ, ಈ 14 ಎಲ್ಲಿಂದ ಬಂತು?

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ ಕಾಲದಲ್ಲಿ ಕೋಲಿನ ದಂಡ ಮರದ್ದು. ಅಮೆರಿಕದ ಹಿಕರಿ ಮರಕ್ಕೆ ಹೆಸರು ಜಾಸ್ತಿ. ಮರ ಅಂದ್ಮೇಲೆ ಒಂದರ ಹಾಗೆ ಇನ್ನೊಂದಿಲ್ಲ, ಒಂದು ಹೆಚ್ಚು ಬಾಗ್ತದೆ, ಇನ್ನೊಂದು ತಿರುಚ್ತದೆ. ಒಂದೊಂದನ್ನೂ ಬೀಸಿ ನೋಡಿಯೇ ಆರಿಸ್ಕೊಳ್ಬೇಕು. ಕೋಲುಗಳನ್ನು ಗುರುತಿಸ್ತಿದ್ದದ್ದೂ ಹೆಸರಿನಿಂದ: ಮ್ಯಾಶಿ, ನಿಬ್ಲಿಕ್, ಕ್ಲೀಕ್, ಸ್ಪೂನ್. ಅಮೆರಿಕದ ಚಿಕ್ ಇವಾನ್ಸ್ 1916ರ ಯುಎಸ್ ಓಪನ್ ಗೆದ್ದದ್ದು ಬರೀ 7 ಕೋಲು ಇಟ್ಕೊಂಡು!

ಆಮೇಲೆ ಉಕ್ಕಿನ ದಂಡ ಬಂತು. ಅಮೆರಿಕದವರು 1924ರಲ್ಲಿ ಒಪ್ಪಿದ್ರು, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನವರು 1929ರಲ್ಲಿ. ಒಂದೇ ಥರದ ದಂಡವನ್ನು ಕಾರ್ಖಾನೆಯಲ್ಲಿ ರಾಶಿ ರಾಶಿ ಮಾಡಬಹುದು. ಹಳೇ ಹೆಸರು ಹೋಗಿ ನಂಬರ್ ಬಂತು, ಜೊತೆಗೆ 'ಸೆಟ್' ಅನ್ನೋ ಸರಕು. 3 ಮತ್ತು 5 ಇದ್ದವನಿಗೆ 4 ಇಲ್ಲದಿದ್ರೆ ನಿದ್ದೆ ಬರುದಿಲ್ಲ. ಇದಕ್ಕಿಂತ ಚಂದದ ಮಾರ್ಕೆಟಿಂಗ್ ಉಂಟಾ? 1930ರ ದಶಕದ ಚಾಂಪಿಯನ್ ಲಾಸನ್ ಲಿಟಲ್ ಬ್ಯಾಗಲ್ಲಿ 20ಕ್ಕೂ ಹೆಚ್ಚು ಕೋಲು. ಹೊರುವ ಕ್ಯಾಡಿಯ ಬೆನ್ನಿನ ಗತಿ ನೀವೇ ಯೋಚಿಸಿ. ಕೊನೆಗೆ 1938ರಲ್ಲಿ ಅಮೆರಿಕ, 1939ರಲ್ಲಿ ಸೇಂಟ್ ಆಂಡ್ರ್ಯೂಸ್ 14ರ ಮಿತಿ ಹಾಕಿದ್ವು. ಇದಕ್ಕಿಂತ ಹೆಚ್ಚು ಇಟ್ಕೊಳ್ಬಾರದು ಅಂತ ಮಾಡಿದ ನಿಯಮವನ್ನೇ ನಾವು ಶಾಪಿಂಗ್ ಲಿಸ್ಟ್ ಮಾಡ್ಕೊಂಡಿದ್ದೇವೆ.

ನಂಬರನ್ನೂ ಪೂರ್ತಿ ನಂಬ್ಬೇಡಿ. ಕೋಲಿನ ಮುಖ ಎಷ್ಟು ಓರೆ ಉಂಟು ಅನ್ನೋದಕ್ಕೆ ಲಾಫ್ಟ್ ಅಂತಾರೆ. ಓರೆ ಕಡಿಮೆಯಾದಷ್ಟೂ ಚೆಂಡು ದೂರ. ಹಳೇ ಸೆಟ್ಟುಗಳಲ್ಲಿ 7 ನಂಬರ್ ಐರನ್ನಿನ ಲಾಫ್ಟ್ ಸುಮಾರು 36 ಡಿಗ್ರಿ, ಈಗಿನ ಎಷ್ಟೋ ಸೆಟ್ಟುಗಳಲ್ಲಿ 30ರ ಆಸುಪಾಸು. "ಹೊಸ ಕೋಲಲ್ಲಿ ಎಷ್ಟು ದೂರ ಹೋಯ್ತು ನೋಡಿ" ಅಂತ ಅಂಗಡಿಯವರು ಹೇಳಿದ್ರೆ, ಆ 7ರ ಒಳಗೆ ಹಳೇ 5 ಕೂತಿರಬಹುದು.

ಹಾಗಾಗಿ ಗೆಳೆಯನಿಗೆ ಹೇಳಿದ್ದು: ಒಂದು ಹೈಬ್ರಿಡ್, 7 ಮತ್ತು 9ರ ಐರನ್, ಒಂದು ವೆಜ್, ಒಂದು ಪಟರ್. ಶುರುವಿಗೆ ಸಾಕು. ಬೀಸುವ ವೇಗ ಕಡಿಮೆ ಇದ್ರೆ ಸ್ವಲ್ಪ ಬಾಗುವ ದಂಡ ನೋಡು. ದುಡ್ಡು ಉಳಿದ್ರೆ ಕೋಚಿಗೆ ಕೊಡು. ಪಟರಲ್ಲಿ ಮಾತ್ರ ಜುಗ್ಗತನ ಬೇಡ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಲ್ಲಿ ಉದ್ದ ಹೊಡೆತದಲ್ಲಿ ಹಿಂದಿದ್ದವರು, ಆದ್ರೂ ಪಟರ್ ನಂಬಿ ಆಡಿ 4ನೇ ಸ್ಥಾನಕ್ಕೆ ಬಂದ್ರು.

ಸೆಕೆಂಡ್‌ಹ್ಯಾಂಡ್ ಆದ್ರೂ ಅಡ್ಡಿಲ್ಲ. ಗ್ರಿಪ್ಪಿನ ರಬ್ಬರ್ ಒಣಗಿ ಜಾರ್ತದಾ ಅಂತ ಹಿಡಿದು ನೋಡಿ, ದಂಡದ ಉದ್ದಕ್ಕೂ ಕೈಯಾಡಿಸಿ. ನಮ್ಮೂರ ಉಪ್ಪುಗಾಳಿಯಲ್ಲಿ ಉಕ್ಕಿಗೆ ಬೇಗ ತುಕ್ಕು ಹಿಡೀತದೆ.