ನಾಣ್ಯಪರೀಕ್ಷೆ ಮತ್ತು ಪರೀಕ್ಷಕನ ಹೊಣೆ

ನಾಣ್ಯವೊಂದು ಕೈ ಬದಲಾಯಿಸುವಾಗ ಕೊಡುವವನು ಅದರ ಗುಣವನ್ನು ಹೊಗಳುತ್ತಾನೆ, ಕೊಳ್ಳುವವನು ಕುಂದನ್ನು ಹುಡುಕುತ್ತಾನೆ. ಇಬ್ಬರ ಮಾತೂ ಪೂರ್ಣವಾಗಿ ನಂಬತಕ್ಕದ್ದಲ್ಲವಾದ್ದರಿಂದ ಮೂರನೆಯವನೊಬ್ಬನ ಮಾತು ಅಗತ್ಯವಾಗುತ್ತದೆ. ಅಂತಹವನನ್ನು ಅರ್ಥಶಾಸ್ತ್ರವು ರೂಪದರ್ಶಕನೆಂದು ಕರೆಯಿತು. ಕನ್ನಡ ಅವನಿಗೆ ಚಿನಿವಾರನೆಂಬ ಹೆಸರು ಕೊಟ್ಟಿತು. ಇಂದಿನ ನಾಣ್ಯಸಂಗ್ರಾಹಕರ ಲೋಕದಲ್ಲಿ ಆ ಸ್ಥಾನವನ್ನು ಗ್ರೇಡಿಂಗ್ ಸಂಸ್ಥೆಗಳು ಪಡೆದಿವೆ. ಹೆಸರು ಬದಲಾದರೂ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ: ಪರೀಕ್ಷಕನು ತಪ್ಪಿದರೆ ಅವನನ್ನು ಒರೆಗೆ ಹಚ್ಚುವವರು ಯಾರು?

ಈ ಪ್ರಶ್ನೆಯನ್ನು ಅರ್ಥಶಾಸ್ತ್ರವು ನೇರವಾಗಿಯೇ ಎದುರಿಸಿದೆ. ಅದರ ಎರಡನೆಯ ಅಧಿಕರಣದಲ್ಲಿ ನಾಣ್ಯ ಮುದ್ರಿಸುವ ಲಕ್ಷಣಾಧ್ಯಕ್ಷ ಬೇರೆ, ಚಲಾವಣೆಯ ನಾಣ್ಯವನ್ನು ನೋಡಿ ನಿರ್ಣಯಿಸುವ ರೂಪದರ್ಶಕ ಬೇರೆ. ಪರೀಕ್ಷೆಗೆ ನೂರು ಪಣಕ್ಕೆ ಪಣದ ಎಂಟನೆಯ ಒಂದು ಭಾಗದಷ್ಟು ಶುಲ್ಕ ಗೊತ್ತುಪಡಿಸಲಾಗಿದೆ. ನಾಲ್ಕನೆಯ ಅಧಿಕರಣದಲ್ಲಿ ಇನ್ನೊಂದು ನಿಯಮವಿದೆ. ದೋಷವಿಲ್ಲದ ನಾಣ್ಯವನ್ನು ದೋಷಯುಕ್ತವೆಂದು ತಳ್ಳಿಹಾಕಿದರೂ, ದೋಷವಿರುವುದನ್ನು ಒಪ್ಪಿ ಸಾಗಹಾಕಿದರೂ ರೂಪದರ್ಶಕನಿಗೆ ಹನ್ನೆರಡು ಪಣ ದಂಡ. ತಪ್ಪು ಯಾವ ಕಡೆಗೆ ವಾಲಿದರೂ ದಂಡ ಒಂದೇ ಎಂಬುದು ಇಲ್ಲಿನ ವಿವೇಕ. ಟಂಕಿಸುವವನಿಂದ ಪರೀಕ್ಷಿಸುವವನನ್ನು ಪ್ರತ್ಯೇಕಿಸುವುದು, ಅವನ ಕೂಲಿಯನ್ನು ನಿಗದಿಗೊಳಿಸುವುದು, ಅವನ ತೀರ್ಪಿಗೆ ಅವನನ್ನೇ ಹೊಣೆಯಾಗಿಸುವುದು, ಈ ಮೂರು ಸೇರಿದಾಗ ಮಾತ್ರ ಪರೀಕ್ಷೆಗೆ ಬೆಲೆ.

ಈ ವಿದ್ಯೆಯ ನಿಯಮಗಳನ್ನು ಬಲ್ಲವರ ಬಾಯಿಂದ ಗ್ರಂಥಕ್ಕೆ ತಂದವರಲ್ಲಿ ಠಕ್ಕುರ ಫೇರು ಮುಖ್ಯನು. ಶ್ರೀಮಾಲ ಕುಲದ ಈ ಜೈನ ಗೃಹಸ್ಥನು ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿಯ ಹಾಗೂ ಅವನ ನಂತರದವರ ಆಡಳಿತದಲ್ಲಿ ಅಧಿಕಾರಿಯಾಗಿದ್ದನು. ದೆಹಲಿಯ ಟಂಕಸಾಲೆಯ ಪ್ರತ್ಯಕ್ಷಾನುಭವವನ್ನು ಆಧರಿಸಿ, ಕುತುಬುದ್ದೀನ್ ಮುಬಾರಕ್ ಷಾನ ಕಾಲದಲ್ಲಿ, 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಕೃತಿಯನ್ನು ರಚಿಸಿದನು. ಅಪಭ್ರಂಶದ ಛಾಯೆಯುಳ್ಳ ಪ್ರಾಕೃತದಲ್ಲಿರುವ ಇದು 149 ಗಾಹೆಗಳ ಕಿರುಗ್ರಂಥ. ಆದರೆ ಅದರೊಳಗೆ ಸುಮಾರು 260 ಬಗೆಯ ನಾಣ್ಯಗಳ ತೂಕ, ಲೋಹಾಂಶ, ವಿನಿಮಯದ ಬೆಲೆಗಳು ಅಡಕವಾಗಿವೆ. ಗುಜರಾತ, ಮಾಳವ ಮೊದಲಾದ ನಾಡುಗಳ ನಾಣ್ಯಗಳ ಜೊತೆಗೆ, ಕನ್ನಡನಾಡಿನ ಉತ್ತರಭಾಗವನ್ನು ಆಳಿದ ಸೇವುಣರ ರಾಜಧಾನಿ ದೇವಗಿರಿಯ ನಾಣ್ಯಗಳೂ ಅಲ್ಲಿ ಸೇರಿವೆ. ಚಿನ್ನಬೆಳ್ಳಿಗಳನ್ನು ಶೋಧಿಸುವ ಕ್ರಮವನ್ನೂ ಫೇರು ವಿವರಿಸುತ್ತಾನೆ. ಅಗರ್‌ಚಂದ್ ನಾಹಟಾ ಮತ್ತು ಭಂವರ್‌ಲಾಲ್ ನಾಹಟಾ ಅವರಿಗೆ ಕಲ್ಕತ್ತೆಯಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ ಇದು ಮುನಿ ಜಿನವಿಜಯರ ಮೂಲಕ 1961ರಲ್ಲಿ ಜೋಧಪುರದಿಂದ ಪ್ರಕಟವಾಯಿತು.

ಫೇರುವಿನ ಮಾನದಂಡ ಸ್ಪಷ್ಟ. ಅವನು ಅಳೆಯುವುದು ನಾಣ್ಯದ ಒಡಲನ್ನು. ಅದರಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂಬುದನ್ನು ಮತ್ತೊಬ್ಬನು ಕರಗಿಸಿ ನೋಡಬಹುದು. ಲೆಕ್ಕ ತಪ್ಪಿದ್ದರೆ ತೋರಿಸಬಹುದು. ಪರೀಕ್ಷಕನ ಮಾತನ್ನು ಪರೀಕ್ಷಿಸುವ ದಾರಿ ಆ ವಿದ್ಯೆಯಲ್ಲಿಯೇ ಇದೆ.

ಸಂಗ್ರಾಹಕರ ಪೇಟೆಯಲ್ಲಿ ಈ ದಾರಿ ಮುಚ್ಚಿಹೋಗುತ್ತದೆ. ಅಮೆರಿಕದ ಮಾರ್ಗನ್ ಡಾಲರನ್ನೇ ನೋಡೋಣ. ಪ್ರತಿಯೊಂದರಲ್ಲಿಯೂ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ತೂಕ 26.73 ಗ್ರಾಂ. ಒಂದೇ ವರ್ಷ ಒಂದೇ ಟಂಕಸಾಲೆಯಲ್ಲಿ ಅಚ್ಚಾದ ಎರಡು ಡಾಲರುಗಳಲ್ಲಿ ಒಂದರ ಬೆಲೆ ಇನ್ನೊಂದರ ಹಲವು ಪಟ್ಟು ಇರಬಹುದು. ವ್ಯತ್ಯಾಸವಿರುವುದು ಮೇಲ್ಮೈಯಲ್ಲಿ: ಹೊಳಪು, ಅಚ್ಚಿನ ಸ್ಫುಟತೆ, ಸಣ್ಣ ಗೀರು, ಸವೆತ. ಇವನ್ನು ಅಳೆಯುವುದು ಕಣ್ಣು. ಕಣ್ಣಿನ ಹಿಂದೆ ಮನಸ್ಸು. ಮನಸ್ಸಿನ ಹಿಂದೆ ಕೆಲವೊಮ್ಮೆ ಲಾಭ.

ಈ ಕಣ್ಣಂದಾಜಿಗೆ ಅಂಕೆಯ ರೂಪ ಕೊಟ್ಟವನು ವಿಲಿಯಂ ಶೆಲ್ಡನ್. ಮನುಷ್ಯರ ದೇಹರಚನೆಯನ್ನು ಅಂಕೆಗಳಲ್ಲಿ ವರ್ಗೀಕರಿಸಿ ಹೆಸರಾದ ಈ ಮನಶ್ಶಾಸ್ತ್ರಜ್ಞನು, ಅಮೆರಿಕದ ಆರಂಭಕಾಲದ ತಾಮ್ರದ ಸೆಂಟುಗಳನ್ನು ಕುರಿತು 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 1ರಿಂದ 70ರವರೆಗಿನ ಅಳತೆಯನ್ನು ಮುಂದಿಟ್ಟನು. ಗುರುತು ಹಿಡಿಯಲಷ್ಟೇ ಸಾಧ್ಯವಾಗುವಷ್ಟು ಸವೆದ ನಾಣ್ಯಕ್ಕೆ 1. ಕುಂದಿಲ್ಲದ ನಾಣ್ಯಕ್ಕೆ 70. ಸವೆದ ನಾಣ್ಯದ ಮೂಲಬೆಲೆಯನ್ನು ಈ ಅಂಕೆಯಿಂದ ಗುಣಿಸಿದರೆ ಪೇಟೆಯ ಬೆಲೆ ಬರಬೇಕೆಂಬುದು ಅವನ ಸೂತ್ರ. ಪೇಟೆ ಆ ಸೂತ್ರಕ್ಕೆ ಬಹುಕಾಲ ಕಟ್ಟುಬೀಳಲಿಲ್ಲ. ಬೆಲೆಗಳ ಅನುಪಾತ ಬದಲಾಯಿತು, ಅಂಕೆ ಮಾತ್ರ ಉಳಿಯಿತು.

ಶೆಲ್ಡನ್ ತೀರಿಕೊಂಡದ್ದು 1977ರಲ್ಲಿ. ಅನಂತರ ಒಂದು ಕಹಿಸತ್ಯ ಹೊರಬಂದಿತು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಉತ್ತಮ ಸೆಂಟುಗಳನ್ನು ತೆಗೆದು, ಅವುಗಳ ಜಾಗದಲ್ಲಿ ಅದೇ ಬಗೆಯ ಕೀಳು ನಾಣ್ಯಗಳನ್ನು ಅವನು ಇಟ್ಟಿದ್ದನು. ಸಂಗತಿ ನ್ಯಾಯಾಲಯದ ಮೆಟ್ಟಿಲೇರಿತು. ಗುಣತಾರತಮ್ಯವನ್ನು ಅವನಷ್ಟು ಬಲ್ಲವರು ವಿರಳ. ಆ ಬಲ್ಮೆಯೇ ಕಳವಿಗೆ ಸಾಧನವಾಯಿತು. ಮಾನದಂಡವನ್ನು ರಚಿಸಿದ ಮಾತ್ರಕ್ಕೆ ಅದನ್ನು ಹಿಡಿದ ಕೈ ಶುದ್ಧವಾಗುವುದಿಲ್ಲ.

ಅಂಕೆ ಇದ್ದರೂ ಅದನ್ನು ಹೇಳುತ್ತಿದ್ದವನು ವ್ಯಾಪಾರಿಯೇ. ಕೊಳ್ಳುವಾಗ 60 ಎಂದವನು ಮಾರುವಾಗ 65 ಎನ್ನಬಹುದಾಗಿತ್ತು. ಈ ಅವಿಶ್ವಾಸದಿಂದಲೇ ತಟಸ್ಥ ಪರೀಕ್ಷೆ ಹುಟ್ಟಿತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1972ರಲ್ಲಿ ನಾಣ್ಯದ ಅಸಲಿತನವನ್ನು ದೃಢೀಕರಿಸುವ ಸೇವೆಯನ್ನು ಆರಂಭಿಸಿ, ಆ ದಶಕದ ಕೊನೆಗೆ ಗ್ರೇಡನ್ನೂ ನೀಡತೊಡಗಿತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಸಂಸ್ಥೆಗಳು ಕೆಲಸಕ್ಕಿಳಿದವು. ನಾಣ್ಯ ಯಾರದೆಂದು ತಿಳಿಯದ ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ಬೇರೆಬೇರೆಯಾಗಿ ನೋಡುವುದು, ಒಮ್ಮತದ ಅಂಕೆಯೊಡನೆ ನಾಣ್ಯವನ್ನು ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆಮಾಡುವುದು, ತೀರ್ಪು ತಪ್ಪೆಂದು ಸಿದ್ಧವಾದರೆ ಪರಿಹಾರ ಕೊಡುವುದು ಇವುಗಳ ಕ್ರಮ. ಈ ಪರಿಹಾರದ ಭರವಸೆ ರೂಪದರ್ಶಕನ ಹನ್ನೆರಡು ಪಣದ ದಂಡಕ್ಕೆ ದೂರದ ಬಂಧು.

ಆದರೆ ಬಂಧುತ್ವ ಅಷ್ಟಕ್ಕೇ. ದಂಡ ವಿಧಿಸುವವನು ಅರಸ. ಪರಿಹಾರ ಕೊಡಬೇಕೇ ಬೇಡವೇ ಎಂದು ನಿರ್ಣಯಿಸುವುದು ಮೊದಲಿಗೆ ಆ ಸಂಸ್ಥೆಯೇ. ಹೊರಗಿನ ಕಣ್ಣೂ ಅಗತ್ಯವೆಂಬುದು 1990ರಲ್ಲಿ ತಿಳಿದುಬಂದಿತು. ತನ್ನ ಗ್ರೇಡಿಂಗ್ ವಸ್ತುನಿಷ್ಠವೆಂದು ಪಿಸಿಜಿಎಸ್ ಜಾಹೀರಾತಿನಲ್ಲಿ ಅತಿಯಾಗಿ ಹೇಳಿಕೊಂಡಿದೆಯೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತು. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಇಂದಿಗೂ ಕೆಲವರು ಕವಚವನ್ನು ಒಡೆದು, ಮೇಲಿನ ಅಂಕೆ ಸಿಕ್ಕೀತೆಂಬ ಆಸೆಯಿಂದ ಅದೇ ನಾಣ್ಯವನ್ನು ಮತ್ತೆಮತ್ತೆ ಪರೀಕ್ಷೆಗೆ ಕಳಿಸುತ್ತಾರೆ. ಕೆಲವೊಮ್ಮೆ ಅದು ಸಿಗುವುದೂ ಉಂಟು. ನಾಣ್ಯ ಬದಲಾಗಿಲ್ಲ, ತೀರ್ಪು ಬದಲಾಗಿದೆ.

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಎಚ್ಚರಿಕೆಯಿದೆ. ನಮ್ಮ ಹಳೆಯ ಬೆಳ್ಳಿಯ ರೂಪಾಯಿಗಳ ಮೇಲೆ ಸರಾಫರು ಒತ್ತಿದ ಸಣ್ಣ ಗುರುತುಗಳು ಹೇರಳವಾಗಿ ಕಾಣುತ್ತವೆ. ಲೋಹವನ್ನು ನೋಡಿ ಒಪ್ಪಿದ್ದೇನೆಂದು ಪರೀಕ್ಷಕನೊಬ್ಬನು ನಾಣ್ಯದ ಮೈಮೇಲೆಯೇ ಬರೆದಿಟ್ಟ ಸಾಕ್ಷ್ಯವದು. ಇಂದಿನ ಗ್ರೇಡಿಂಗಿನಲ್ಲಿ ಇಂತಹ ಗುರುತು ಸಾಮಾನ್ಯವಾಗಿ ಊನವೆನಿಸುತ್ತದೆ. ಒಂದು ಕಾಲದ ಪರೀಕ್ಷಕನು ಕೊಟ್ಟ ಪ್ರಮಾಣವೇ ಮತ್ತೊಂದು ಕಾಲದ ಪರೀಕ್ಷಕನಿಗೆ ದೋಷವಾಗಿದೆ. ಅಲ್ಲದೆ ಕವಚದೊಳಗಿನ ನಾಣ್ಯವನ್ನು ತೂಗಿ ನೋಡಲಾಗದು. ಫೇರುವಿಗೆ ಮೊದಲು ಬೇಕಾಗಿದ್ದ ತೂಕವೇ ಇಲ್ಲಿ ಸಂಶೋಧಕನ ಕೈಗೆ ಎಟುಕುವುದಿಲ್ಲ.

ಆದ್ದರಿಂದ ಗ್ರೇಡನ್ನು ತಳ್ಳಿಹಾಕಬೇಕಾಗಿಲ್ಲ. ನಕಲಿ ನಾಣ್ಯಗಳು ತುಂಬಿದ ಪೇಟೆಯಲ್ಲಿ ಅದರ ಉಪಕಾರ ದೊಡ್ಡದು. ಆದರೆ ಅದನ್ನು ನಾಣ್ಯದ ಸ್ವಭಾವವೆಂದು ಭಾವಿಸದೆ, ಒಂದು ಕಾಲದಲ್ಲಿ ಒಬ್ಬರು ಕೊಟ್ಟ ತೀರ್ಪೆಂದು ಓದಬೇಕು. ಹಸ್ತಪ್ರತಿಯಲ್ಲಿ ಸಂಪಾದಕನು ಒಪ್ಪಿದ ಪಾಠವನ್ನು ನಾವು ಗೌರವಿಸುತ್ತೇವೆ. ಹಾಗೆಯೇ ಅವನು ಬಿಟ್ಟ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಹುಡುಕುತ್ತೇವೆ. ನಾಣ್ಯವನ್ನು ಉಲ್ಲೇಖಿಸುವವರೂ ಗ್ರೇಡಿನೊಡನೆ ಅದನ್ನು ಕೊಟ್ಟವರಾರು, ಯಾವಾಗ, ತೂಕವೆಷ್ಟು, ದೊರೆತ ನೆಲೆ ಯಾವುದು ಎಂಬುದನ್ನು ದಾಖಲಿಸಿದರೆ, ಮುಂದಿನವನೊಬ್ಬನು ಆ ತೀರ್ಪನ್ನು ಮರಳಿ ಒರೆಗೆ ಹಚ್ಚಬಲ್ಲನು.