ಹುಲ್ಲುಗಾವಲಿನ ಬೇಸಿಗೆ ನಿರ್ವಹಣೆ ಹಾಗೂ ಇಲಿ, ಹೆಗ್ಗಣಗಳ ಹತೋಟಿ

ಯುಗಾದಿಯ ನಂತರದ ಮಳೆಗೆ ಹುಲ್ಲು ಚಿಗುರಿದೊಡನೆ ಸಣ್ಣ ಹಿಡುವಳಿದಾರರು ದನಗಳನ್ನು ಮೇಯಲು ಬಿಡುವುದುಂಟು. ಎಳೆ ಚಿಗುರನ್ನು ಬುಡದವರೆಗೆ ಮೇಯಿಸಿದಲ್ಲಿ ಬೇರು ಸೊರಗಿ, ತೆರವಾದ ಜಾಗದಲ್ಲಿ ಪಾರ್ಥೇನಿಯಂ ನೆಲೆಯೂರುತ್ತದೆ. ಹುಲ್ಲು ಗೇಣುದ್ದ ಬೆಳೆಯುವವರೆಗೆ ಮೇಯಿಸುವುದನ್ನು ನಿಲ್ಲಿಸಿ, ಆ ಅವಧಿಯಲ್ಲಿ ಬಿಲಗಳ ಕೆಲಸವನ್ನು ಮುಗಿಸುವುದು ಸೂಕ್ತ. ಬೇಸಿಗೆಯಲ್ಲಿ ಇಲಿಗಳ ಸಂಖ್ಯೆ ಕಡಿಮೆ. ಆಹಾರವೂ ವಿರಳವಾದ್ದರಿಂದ ತಿಂಡಿಗೆ ಬೇಗ ಬರುತ್ತವೆ.

ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ, ಮರುದಿನ ತೆರೆದಿರುವವನ್ನು ಗುರುತಿಸತಕ್ಕದ್ದು. ಹೆಗ್ಗಣವು ಬಿಲದ ಬಾಯಿಯನ್ನು ತಾನೇ ಮುಚ್ಚಿಕೊಳ್ಳುವುದರಿಂದ ಹೊಸ ಮಣ್ಣಿನ ಗುಡ್ಡೆಯೇ ಅದರ ಗುರುತು. ಎರಡು ಮೂರು ದಿನ ಎಣ್ಣೆ ಸವರಿದ ನುಚ್ಚನ್ನು ವಿಷವಿಲ್ಲದೆ ಇಟ್ಟು ರೂಢಿ ಮಾಡಿಸಬೇಕು. ಬಳಿಕ, ಮಳೆಯಿಲ್ಲದ ದಿನ, 96 ಭಾಗ ನುಚ್ಚು, 2 ಭಾಗ ಅಡುಗೆ ಎಣ್ಣೆ ಹಾಗೂ 2 ಭಾಗ ಜಿಂಕ್ ಫಾಸ್ಫೈಡನ್ನು ಕೋಲಿನಿಂದ ಬೆರೆಸಿ, 10 ಗ್ರಾಂ ಪೊಟ್ಟಣವನ್ನು ಬಿಲದೊಳಕ್ಕೆ ತಳ್ಳಿ ಬಾಯಿ ಮುಚ್ಚಬೇಕು. ಬದುಕುಳಿದ ಇಲಿಗಳು ಇದನ್ನು ಮತ್ತೆ ಮುಟ್ಟವು. ಅವುಗಳಿಗೆ ಶೇ. 0.005ರ ಬ್ರೋಮಡಿಯೋಲೋನ್ ತಿಂಡಿಯೇ ಆಗಬೇಕು.

ಜಿಂಕ್ ಫಾಸ್ಫೈಡ್ ವಿಷಕ್ಕೆ ಪ್ರತ್ಯೌಷಧವಿಲ್ಲ. ಹೊರಗೆ ಚೆಲ್ಲಿದ ಒಂದು ಹಿಡಿ ತಿಂಡಿಯೂ ಕೋಳಿ, ನಾಯಿ, ಕರುಗಳ ಪ್ರಾಣಕ್ಕೆ ಕುತ್ತು ತರಬಲ್ಲದು. ಸತ್ತ ಇಲಿಗಳನ್ನು ಆಳವಾಗಿ ಹೂಳತಕ್ಕದ್ದು. ಅಕ್ಕಪಕ್ಕದ ಹೊಲದವರೂ ಅದೇ ವಾರ ಈ ಕ್ರಮ ಕೈಗೊಳ್ಳದಿದ್ದಲ್ಲಿ ಖಾಲಿಯಾದ ಬಿಲಗಳಿಗೆ ಹೊಸ ಇಲಿಗಳು ಬಂದು ಸೇರುತ್ತವೆ.